ಚಿಗರಿಯೊಡನೆ ಕೊಡಗಿಗೆ: ರೈಲು, ಬಸ್ಸು, ಜೀಪು, ತೆಪ್ಪ

ನಮ್ಮ ಮನೆಯ ಮುಧೋಳ ನಾಯಿಗೆ ಚಿಗರಿ ಎಂದು ಹೆಸರಿಟ್ಟವಳು ನನ್ನ ಹೆಂಡತಿ. ಐದು ವರ್ಷದ ಹೆಣ್ಣು, 22 ಕಿಲೋ ತೂಕ, ಉದ್ದನೆಯ ಕಾಲು, ಒಣಹುಲ್ಲಿನ ಬಣ್ಣ. ಆರು ದಿನ ಅವಳನ್ನು ಯಾರದೋ ಮನೆಯಲ್ಲಿ ಬಿಟ್ಟು ಕೊಡಗು ನೋಡಿ ಬರುವುದು ನಮ್ಮಿಬ್ಬರಿಗೂ ಆಗದ ಮಾತಾಗಿತ್ತು. ಹಿಂದೊಮ್ಮೆ ಮದುವೆಗೆಂದು ಎರಡು ದಿನ ಬಿಟ್ಟು ಹೋಗಿದ್ದಾಗ ಅವಳು ನೀರನ್ನೂ ಮುಟ್ಟದೆ ಬಾಗಿಲ ಬಳಿಯೇ ಮಲಗಿದ್ದಳೆಂದು ನೆರೆಮನೆಯವರು ಹೇಳಿದ್ದು ಇನ್ನೂ ಮನಸ್ಸಿನಲ್ಲಿತ್ತು. ಹಾಗಾಗಿ ಕಳೆದ ಜನವರಿಯಲ್ಲಿ ಮೂವರೂ ಕೂಡಿಯೇ ಹೋಗುವುದೆಂದು ತೀರ್ಮಾನಿಸಿದೆವು. ನಮ್ಮಲ್ಲಿ ಸ್ವಂತ ಕಾರಿಲ್ಲ. ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಹುಬ್ಬಳ್ಳಿಯಿಂದ ಹೊರಟು ಕಾಫಿ ತೋಟದ ನಡುವಿನ ಮನೆಯೊಂದನ್ನು ಮುಟ್ಟುವಷ್ಟರಲ್ಲಿ ನಾಲ್ಕೈದು ಬಗೆಯ ವಾಹನಗಳನ್ನು ಹತ್ತಿ ಇಳಿಯಬೇಕಿತ್ತು, ಮತ್ತು ನಾಯಿಯ ವಿಷಯದಲ್ಲಿ ಪ್ರತಿಯೊಂದಕ್ಕೂ ಅದರದೇ ನಿಯಮವಿತ್ತು.

ಹೊರಡುವ ಮೊದಲು

ಮೊದಲು ಆರಿಸಬೇಕಾದದ್ದು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮಳೆ ಸುರಿಯುವಾಗ ತೋಟದ ದಾರಿಗಳಲ್ಲೆಲ್ಲ ಜಿಗಣೆ ಇರುತ್ತದೆ. ಮುಧೋಳದಂತಹ ತೆಳುಗೂದಲಿನ ನಾಯಿಯ ಬೆರಳ ಸಂದಿಗೂ ಮೂಗಿನ ಹೊಳ್ಳೆಗೂ ಅದು ಅಂಟಿಕೊಂಡರೆ ಬಿಡಿಸುವುದು ಕಷ್ಟ. ನಿಂತ ನೀರಿನಲ್ಲಿ ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಎಂಬ ರೋಗ ಮನುಷ್ಯರಿಗೂ ನಾಯಿಗಳಿಗೂ ತಗಲುವುದು ಇದೇ ದಿನಗಳಲ್ಲಿ ಹೆಚ್ಚು. ಜನವರಿಯಲ್ಲಿ ನೆಲ ಒಣಗಿರುತ್ತದೆ, ಬೆಳಗಿನ ಚಳಿ ಮಾತ್ರ ಗಟ್ಟಿಯಾಗಿರುತ್ತದೆ. ಚಳಿಗೆ ಹೊದಿಸಬಹುದು ಎಂದುಕೊಂಡೆವು.

ವಿಮಾನದ ಯೋಚನೆಯನ್ನು ಒಂದೇ ಸಂಜೆಯಲ್ಲಿ ಕೈಬಿಟ್ಟೆವು. ಕೊಡಗಿಗೆ ಮಂಗಳೂರಿನಿಂದಲೂ ಕೇರಳದ ಕಣ್ಣೂರಿನಿಂದಲೂ ಇಳಿದು ಬರಬಹುದು ನಿಜ, ಆದರೆ ನಾಯಿಗೆ ಅವಕಾಶವಿರುವ ಕೆಲವೇ ವಿಮಾನ ಸಂಸ್ಥೆಗಳೂ ಪ್ರಯಾಣಿಕರ ಜೊತೆ ಕುಳಿತು ಬರಲು ಬಿಡುವುದು ಚೀಲದೊಳಗೆ ಹಿಡಿಸುವ ಪುಟ್ಟ ನಾಯಿಗಳನ್ನು ಮಾತ್ರ. 22 ಕಿಲೋದ ಚಿಗರಿ ಪಂಜರದಲ್ಲಿ ಸರಕಿನ ಭಾಗಕ್ಕೆ ಹೋಗಬೇಕಾಗುತ್ತಿತ್ತು. ಗುರುತಿಲ್ಲದವರ ಕೈ ಸೋಕಿದರೆ ಮೈ ಬಿಗಿಹಿಡಿಯುವುದು ಈ ತಳಿಯ ಸ್ವಭಾವ. ಕತ್ತಲೆ ಮತ್ತು ಸದ್ದಿನ ನಡುವೆ ಅವಳನ್ನು ಒಂಟಿಯಾಗಿ ಕಳುಹಿಸಲು ನನಗೆ ಮನಸ್ಸಾಗಲಿಲ್ಲ.

ಉಳಿದದ್ದು ರೈಲು. ಭಾರತೀಯ ರೈಲ್ವೆಯಲ್ಲಿ ನಾಯಿ ಮಾಲೀಕರ ಜೊತೆಯಲ್ಲೇ ಪ್ರಯಾಣ ಮಾಡಬೇಕಾದರೆ ಮೊದಲ ದರ್ಜೆಯ ಬೋಗಿಯಲ್ಲಿ ಇಬ್ಬರು ಮಲಗುವ ಕೂಪೆಯನ್ನಾಗಲಿ ನಾಲ್ವರ ಕ್ಯಾಬಿನ್ನನ್ನಾಗಲಿ ಪೂರ್ತಿಯಾಗಿ ತಮ್ಮ ಹೆಸರಿಗೇ ಪಡೆದಿರಬೇಕು. ಎಸಿ ಎರಡು ಟಯರ್, ಮೂರು ಟಯರ್, ಸ್ಲೀಪರ್, ಚೇರ್ ಕಾರ್, ಇವುಗಳಲ್ಲಿ ಅವಕಾಶವಿಲ್ಲ. ಬೇರೆ ದಾರಿಯೆಂದರೆ ಗಾರ್ಡ್ ಇರುವ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆ. ತೊಡಕು ಇರುವುದು ಟಿಕೆಟ್ ಕೊಳ್ಳುವ ಹೊತ್ತಿನಲ್ಲಿ. ಮೊದಲ ದರ್ಜೆಯಲ್ಲಿ ಎರಡು ಟಿಕೆಟ್ ಕೊಂಡರೂ ಕೂಪೆಯೇ ಸಿಗುತ್ತದೆಂಬ ಭರವಸೆ ಇರುವುದಿಲ್ಲ, ಏಕೆಂದರೆ ಯಾರಿಗೆ ಯಾವ ಕೋಣೆ ಎಂಬುದು ಚಾರ್ಟ್ ಸಿದ್ಧವಾಗುವಾಗ ನಿರ್ಧಾರವಾಗುತ್ತದೆ. ನಾಯಿ ಜೊತೆಗಿದೆ, ಕೂಪೆ ಕೊಡಿ ಎಂದು ಟಿಕೆಟ್ ಪ್ರತಿಯೊಡನೆ ಮುಂಚಿತವಾಗಿ ಅರ್ಜಿ ಕೊಟ್ಟಿದ್ದೆವು. ಕೂಪೆ ಸಿಗದಿದ್ದರೆ ಪ್ರವಾಸವನ್ನೇ ರದ್ದು ಮಾಡುವುದು, ನಾಯಿಪೆಟ್ಟಿಗೆಗೆ ಮಾತ್ರ ಹಾಕಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಪಶುವೈದ್ಯರ ಬಳಿಗೆ ಎರಡು ಬಾರಿ ಹೋದೆವು. ಒಂದು ತಿಂಗಳು ಮೊದಲು ಹೋದಾಗ ರೇಬೀಸ್ ಲಸಿಕೆಯನ್ನೂ ಲೆಪ್ಟೊಸ್ಪೈರೋಸಿಸ್ ಸೇರಿರುವ ಸಂಯುಕ್ತ ಲಸಿಕೆಯನ್ನೂ ಹಾಕಿಸಿ, ರಕ್ತ ಹೀರುವ ಉಣ್ಣೆಹುಳುವಿಗೆ ಔಷಧಿ ಪಡೆದೆವು. ಹೊರಡುವ ಹಿಂದಿನ ದಿನ ಹೋದದ್ದು ಪ್ರಯಾಣಕ್ಕೆ ಯೋಗ್ಯಳೆಂಬ ಪ್ರಮಾಣಪತ್ರಕ್ಕಾಗಿ. ಈ ನಡುವಿನ ಒಂದು ತಿಂಗಳು ನಡೆದದ್ದು ಬಾಯಿಕುಕ್ಕೆಯ ಅಭ್ಯಾಸ. ಕುಕ್ಕೆಯ ಒಳಬದಿಗೆ ಮೊಸರು ಸವರಿ ಕೊಟ್ಟರೆ ಮೊದಲ ವಾರ ನೆಕ್ಕಿ ಹಿಂದೆ ಸರಿಯುತ್ತಿದ್ದಳು, ಮೂರನೆಯ ವಾರಕ್ಕೆ ತಾನೇ ಮೂತಿ ತೂರಿಸುತ್ತಿದ್ದಳು. ನಾಯಿ ಕಚ್ಚುತ್ತದೆಂಬ ಕಾರಣಕ್ಕೆ ಕುಕ್ಕೆ ಬೇಕೆಂದೇನೂ ಇಲ್ಲ. ಬಸ್ಸಿನಲ್ಲಿ ಎದುರು ಕುಳಿತವರ ಭಯ ಅರ್ಧಕ್ಕರ್ಧ ಇಳಿಯುವುದು ಅದರಿಂದಲೇ, ಮತ್ತು ಇತರರ ಭಯ ಇಳಿದರೆ ನಾಯಿಯ ಗಾಬರಿಯೂ ಇಳಿಯುತ್ತದೆ.

ಆಹಾರದ ಚಿಂತೆಯನ್ನು ನಮ್ಮ ಕಡೆಯ ಕಟಕ ರೊಟ್ಟಿ ನೀಗಿಸಿತು. ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಾಲಿನಲ್ಲೋ ಬಿಸಿನೀರಿನಲ್ಲೋ ನೆನೆಸಿ ಬೇಯಿಸಿದ ಮೊಟ್ಟೆ ಕಲಸಿದರೆ ಚಿಗರಿಗೆ ಊಟ ಸಿದ್ಧ. ಹೊಸ ಊರಿನಲ್ಲಿ ಹೊಸ ಆಹಾರ ಕೊಟ್ಟರೆ ಹೊಟ್ಟೆ ಕೆಡುವುದು ಹೆಚ್ಚು. ಹೊಟ್ಟೆ ಕೆಟ್ಟ ನಾಯಿಯೊಡನೆ ಬಸ್ಸು ಹತ್ತುವ ಹಾಗಿಲ್ಲ.

ಮೊದಲ ದಿನ: ಹುಬ್ಬಳ್ಳಿಯ ರಾತ್ರಿ ರೈಲು

ಚಾರ್ಟ್ ಸಿದ್ಧವಾಗಿ ಕೂಪೆ ಸಿಕ್ಕಿದೆಯೆಂದು ತಿಳಿದಾಗ ಮಧ್ಯಾಹ್ನ ಕಳೆದಿತ್ತು. ರೈಲು ಹೊರಡುವ ಎರಡೂವರೆ ಗಂಟೆ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ ಟಿಕೆಟ್, ಲಸಿಕೆ ಪುಸ್ತಕ, ವೈದ್ಯರ ಪ್ರಮಾಣಪತ್ರ ತೋರಿಸಿದೆವು. ನಾಯಿಗೆ ಪ್ರತ್ಯೇಕ ಟಿಕೆಟ್ ಇರುವುದಿಲ್ಲ. ಲಗೇಜಿನ ದರದಲ್ಲಿ ಲೆಕ್ಕ ಹಾಕಿ ರಸೀದಿ ಕೊಡುತ್ತಾರೆ, ಅದನ್ನು ರೈಲಿನಲ್ಲಿ ಟಿಟಿಇ ಕೇಳುತ್ತಾರೆ. ಉಳಿದ ಹೊತ್ತನ್ನು ಕಳೆಯಲು ಹುಬ್ಬಳ್ಳಿಯಷ್ಟು ಅನುಕೂಲದ ನಿಲ್ದಾಣ ಬೇರೆ ಇರಲಾರದು. ಇಲ್ಲಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದವಾದದ್ದು. ಜನ ತೀರ ಕಡಿಮೆಯಿದ್ದ ಅದರ ತುದಿಯವರೆಗೆ ಚಿಗರಿಯನ್ನು ನಡೆಸಿಕೊಂಡು ಹೋಗಿ ಬಂದೆ. ದಣಿದ ನಾಯಿ ಮಲಗುತ್ತದೆ, ದಣಿಯದ ನಾಯಿ ರಾತ್ರಿಯಿಡೀ ಕೂಪೆಯಲ್ಲಿ ಸುತ್ತುತ್ತದೆ ಎಂದು ವೈದ್ಯರು ಹೇಳಿ ಕಳುಹಿಸಿದ್ದರು.

ರೈಲು ಚಲಿಸತೊಡಗಿದಾಗ ಅವಳು ನಡುಗಿದಳು. ಅದು ಕೇವಲ ಭಯದ ನಡುಕವಾಗಿರಲಿಲ್ಲ. ಕೊಬ್ಬು ಕಡಿಮೆಯಿರುವ ಅವಳ ಮೈಗೆ ಎಸಿಯ ಗಾಳಿ ತಾಳಿಕೆಯಾಗುತ್ತಿರಲಿಲ್ಲ. ಮನೆಯಲ್ಲಿ ಅವಳು ದಿನವೂ ಮಲಗುವ ಹಳೆಯ ಕೌದಿಯನ್ನು ತೊಳೆಯದೆ ಹಾಗೆಯೇ ತಂದಿದ್ದೆವು. ಅದನ್ನು ನೆಲಕ್ಕೆ ಹಾಸಿ ಮೇಲೆ ಅವಳ ಉಣ್ಣೆಯ ಅಂಗಿ ತೊಡಿಸಿದ ಮೇಲೆ ವಾಸನೆ ಹಿಡಿದು ಎರಡು ಸುತ್ತು ಸುತ್ತಿ ಮಲಗಿದಳು. ಕೂಪೆಯ ಮೂಲೆಯಲ್ಲಿ ಮೂತ್ರಕ್ಕೆಂದು ಹಾಸಿದ್ದ ಹೀರುವ ಹಾಳೆಯನ್ನು ಅವಳು ತಿರುಗಿಯೂ ನೋಡಲಿಲ್ಲ. ಮಧ್ಯರಾತ್ರಿ ದಾಟಿ ಅರಸೀಕೆರೆಯಲ್ಲಿ ರೈಲು ನಿಂತಾಗ ಇಳಿಸಲೇ ಎಂದು ಒಂದು ಕ್ಷಣ ಯೋಚಿಸಿದೆ. ನಿಲ್ಲುವ ಹೊತ್ತು ಅಲ್ಪ, ಪ್ಲಾಟ್‌ಫಾರ್ಮಿನ ನಾಯಿಗಳು ಎದುರಾದರೆ ಅವಳನ್ನು ಮತ್ತೆ ಹತ್ತಿಸುವುದು ಕಷ್ಟ, ಹಾಗಾಗಿ ಇಳಿಸಲಿಲ್ಲ. ಸಂಜೆ ಐದರ ನಂತರ ಊಟ ಕೊಡದೆ, ನೀರನ್ನು ಗುಟುಕು ಗುಟುಕಾಗಿ ಕೊಟ್ಟಿದ್ದರಿಂದ ಮೈಸೂರಿನವರೆಗೂ ತಡೆದುಕೊಂಡಳು.

ಎರಡನೆಯ ದಿನ: ಮೈಸೂರಿನಿಂದ ಕೆಂಪು ಬಸ್ಸಿನಲ್ಲಿ

ಕೆಎಸ್ಆರ್‌ಟಿಸಿಯ ಎಲ್ಲ ಬಸ್ಸುಗಳಲ್ಲೂ ನಾಯಿಗೆ ಜಾಗವಿಲ್ಲ. ರಾಜಹಂಸ, ಎಸಿ ಮತ್ತು ಸ್ಲೀಪರ್ ಬಸ್ಸುಗಳಲ್ಲಿ ಹತ್ತಿಸುವುದಿಲ್ಲ. ನಾವು ಕೆಂಪು ಬಸ್ಸು ಎಂದು ಕರೆಯುವ ‘ಕರ್ನಾಟಕ ಸಾರಿಗೆ’ಯಲ್ಲಿ ಹತ್ತಿಸುತ್ತಾರೆ. ಮೊದಲು ನಾಯಿಗೆ ಪೂರ್ಣ ಟಿಕೆಟ್ ಇತ್ತು, 2022ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ಹೀಗಾಗಿ ಮೈಸೂರಿನಿಂದ ಹೊರಟ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ನನ್ನ ಹೆಂಡತಿಗೆ ಶೂನ್ಯ ಟಿಕೆಟ್, ನನಗೆ ಪೂರ್ಣ ಟಿಕೆಟ್, ಚಿಗರಿಗೆ ಅರ್ಧ ಟಿಕೆಟ್ ಬಂತು. ಕಂಡಕ್ಟರ್ ಮೂರನ್ನೂ ಒಟ್ಟಿಗೆ ಹರಿದು ಕೊಟ್ಟು, ನಾಯಿಯ ಹೆಸರೇನೆಂದು ಕೇಳಿ ಮುಂದೆ ಹೋದರು.

ಬಸ್ಸಿನಲ್ಲಿ ಎಲ್ಲಿ ಕೂರಬೇಕೆಂಬುದು ಮುಖ್ಯ. ಹಿಂದಿನ ಸಾಲಿನಲ್ಲಿ ಕುಲುಕಾಟ ಹೆಚ್ಚು, ಮುಂದೆ ಎಂಜಿನ್ನಿನ ಕಾವು, ಬಾಗಿಲ ಬಳಿ ಎಲ್ಲರ ಕಾಲ್ತುಳಿತ. ಮಧ್ಯದ ಎರಡು ಆಸನಗಳ ಸೀಟಿನಲ್ಲಿ ಕಿಟಕಿ ಬದಿಗೆ ಹೆಂಡತಿ ಕುಳಿತು, ಅವಳ ಕಾಲುಗಳ ನಡುವೆ ನೆಲದಲ್ಲಿ ಚಿಗರಿ ಮಲಗಿ, ಹಾದಿಯ ಬದಿಗೆ ನಾನು ಕುಳಿತದ್ದರಿಂದ ಅವಳ ಬಾಲವೂ ಯಾರ ಕಾಲಿಗೂ ಸಿಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಅಳತೊಡಗಿದಾಗ ನಾವೇ ಎದ್ದು ಎರಡು ಸಾಲು ಹಿಂದೆ ಸರಿದೆವು. ಹುಣಸೂರು ದಾಟಿ ಪಿರಿಯಾಪಟ್ಟಣ ಬರುವಷ್ಟರಲ್ಲಿ ಅದೇ ಹುಡುಗಿ ಹಿಂದೆ ತಿರುಗಿ ನಿಂತು ಇವಳನ್ನೇ ನೋಡುತ್ತಿದ್ದಳು.

ಬೈಲುಕುಪ್ಪೆಯ ಟಿಬೆಟನ್ ವಸತಿಯ ತಿರುವು ಕಳೆದು ಕಾವೇರಿಯ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. ಕುಶಾಲನಗರದಿಂದ ಮಡಿಕೇರಿಯತ್ತ ಹೊರಟ ರಸ್ತೆ ಆನೆಕಾಡು ಎಂಬ ಕಾಡಿನ ನಡುವೆ ಸಾಗುವಾಗ ಕಿಟಕಿಯಿಂದ ತಂಪು ಗಾಳಿಯ ಜೊತೆ ಬೇರೆ ಏನೋ ವಾಸನೆ ಬಂದಿರಬೇಕು. ಮೂರು ಗಂಟೆ ಮಲಗಿದ್ದ ಚಿಗರಿ ಎದ್ದು ಕುಳಿತು ಮೂಗನ್ನು ಮೇಲೆತ್ತಿದಳು. ನಾವು ಇಳಿದದ್ದು ಸುಂಟಿಕೊಪ್ಪದಲ್ಲಿ.

ಆ ರಾತ್ರಿಯ ಬಗ್ಗೆ ಹೇಳಲೇಬೇಕು. ದೂರವಾಣಿಯಲ್ಲಿ ಹೋಂಸ್ಟೇಯವರು ‘ನಾಯಿಗೂ ವ್ಯವಸ್ಥೆ ಇದೆ’ ಎಂದಿದ್ದರು. ಹೋಗಿ ನೋಡಿದರೆ ಆ ವ್ಯವಸ್ಥೆ ಮನೆಯಿಂದ ಮೂವತ್ತು ಹೆಜ್ಜೆ ದೂರದ ಸೌದೆಕೊಟ್ಟಿಗೆಯಾಗಿತ್ತು. ಮೂರು ಕಡೆ ಗೋಡೆ, ಒಂದು ಕಡೆ ತೆರವು, ನೆಲದಲ್ಲಿ ಒಂದು ಗೂಟ. ಚಿರತೆ ಓಡಾಡುವ ಸೀಮೆಯಲ್ಲಿ ಕಟ್ಟಿಹಾಕಿದ ನಾಯಿ ಅದಕ್ಕೆ ಅತಿ ಸುಲಭದ ಬೇಟೆ. ಕೊಡಗಿನ ತೋಟದ ಮನೆಗಳಲ್ಲಿ ಅಂಗಳದಿಂದಲೇ ನಾಯಿಯನ್ನು ಎತ್ತಿಕೊಂಡು ಹೋದ ಕಥೆಯಿಲ್ಲದ ಮನೆ ವಿರಳ. ಮನೆಯೊಳಗೆ ನಾಯಿ ಬರಬಾರದೆಂಬುದು ಅವರ ನಿಯಮವಾಗಿದ್ದರೆ ಅದನ್ನು ಮೊದಲೇ ಹೇಳಬೇಕಾಗಿತ್ತು ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಕೊನೆಗೆ ಕಬ್ಬಿಣದ ಜಾಲರಿ ಬಾಗಿಲಿದ್ದ ವರಾಂಡವನ್ನು ಬಿಟ್ಟುಕೊಟ್ಟರು. ಬಾಗಿಲಿಗೆ ಬೀಗ ಹಾಕಿ, ಚಿಗರಿಯನ್ನು ಗೋಡೆಯ ಬದಿಗೆ ಮಲಗಿಸಿ, ನಾನು ಅವಳ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿದೆ. ಆ ಚಳಿಯಲ್ಲಿ ನಿದ್ದೆ ಬಂದದ್ದು ಬೆಳಗಿನ ಜಾವಕ್ಕೆ.

ಈಗ ಯಾರಾದರೂ ಕೇಳಿದರೆ, ವಸತಿ ಗೊತ್ತುಮಾಡುವಾಗ ನಾಯಿ ಬರಬಹುದೇ ಎಂಬ ಒಂದು ಪ್ರಶ್ನೆಗೆ ನಿಲ್ಲಬೇಡಿ ಎನ್ನುತ್ತೇನೆ. ರಾತ್ರಿ ಅದು ಮಲಗುವುದು ಯಾವ ಕೋಣೆಯಲ್ಲಿ, ಮನೆಯವರ ನಾಯಿಗಳು ಎಷ್ಟು, ಅವುಗಳಿಗೆ ಲಸಿಕೆ ಆಗಿದೆಯೇ, ತೋಟದಲ್ಲಿ ಇತ್ತೀಚೆಗೆ ಔಷಧಿ ಸಿಂಪಡಿಸಿದ್ದಾರೆಯೇ, ಹತ್ತಿರದ ಪಶು ಆಸ್ಪತ್ರೆ ಎಷ್ಟು ದೂರ ಎಂಬುದನ್ನೆಲ್ಲ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.

ಮೂರನೆಯ ದಿನ: ಮಡಿಕೇರಿ, ಬಾಡಿಗೆ ಕಾರು, ಆಟೋ

ಬೆಳಿಗ್ಗೆಯೇ ಅಲ್ಲಿಂದ ಹೊರಟು ಬಾಡಿಗೆ ಕಾರಿನಲ್ಲಿ ಮಡಿಕೇರಿ ಸೇರಿದೆವು. ಹಿಂದಿನ ಸೀಟಿಗೆ ನಮ್ಮದೇ ದಪ್ಪ ಚಾದರ ಹಾಸುತ್ತೇವೆಂದು ಮೊದಲೇ ಹೇಳಿದ್ದರಿಂದ ಚಾಲಕರು ತಕರಾರು ಮಾಡಲಿಲ್ಲ. ಬಸ್ಸಿನಲ್ಲಿ ಶಾಂತವಾಗಿದ್ದ ಚಿಗರಿ ಕಾರಿನಲ್ಲಿ ವಾಂತಿ ಮಾಡಿಕೊಂಡಳು. ಬೋಯಿಕೇರಿಯ ಆಸುಪಾಸಿನ ತಿರುವುಗಳಲ್ಲಿ ಅವಳ ಬಾಯಿಂದ ಜೊಲ್ಲು ಇಳಿಯತೊಡಗಿದ್ದನ್ನು ನಾನು ಗಮನಿಸಬೇಕಾಗಿತ್ತು. ಪದೇ ಪದೇ ತುಟಿ ನೆಕ್ಕುವುದು, ಆಕಳಿಸುವುದು, ಜೊಲ್ಲು ಸುರಿಸುವುದು ವಾಂತಿಗೆ ಮುನ್ನಿನ ಸೂಚನೆಗಳು. ಅಲ್ಲಿಂದ ಮುಂದೆ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆಸಿದೆವು, ಕಿಟಕಿಯನ್ನು ಮೂಗು ಹೋಗುವಷ್ಟೇ ಇಳಿಸಿದೆವು. ಖಾಲಿ ಹೊಟ್ಟೆಯಲ್ಲಿ ಹೊರಡಿಸಿದ್ದರೆ ಇದೂ ತಪ್ಪುತ್ತಿತ್ತು. ರಾತ್ರಿಯ ಕಿರಿಕಿರಿಯಲ್ಲಿ ಅವಳಿಗೆ ಸಮಾಧಾನವಾಗಲೆಂದು ಬೆಳಿಗ್ಗೆ ರೊಟ್ಟಿ ಕೊಟ್ಟದ್ದು ನನ್ನ ತಪ್ಪು.

ಮಡಿಕೇರಿಯಲ್ಲಿ ಒಂದು ಕ್ರಮ ಇಟ್ಟುಕೊಂಡೆವು. ಟಿಕೆಟ್ ಕೊಂಡು ಒಳಹೋಗುವ ಕಡೆ, ದೇವಸ್ಥಾನವಿರುವ ಕಡೆ ನಾಯಿಯನ್ನು ಬಿಡಿ ಎಂದು ಯಾರನ್ನೂ ಕೇಳುವುದಿಲ್ಲ; ಒಬ್ಬರು ಒಳಗೆ, ಒಬ್ಬರು ಹೊರಗೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನು, ಅದರ ಗುಮ್ಮಟವನ್ನೂ ಕೊಳವನ್ನೂ ನಾವು ಹೀಗೆ ಸರದಿಯಲ್ಲಿ ನೋಡಿದೆವು. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯವಾಗಿದೆ. ನನ್ನ ಹೆಂಡತಿ ಒಳಗಿದ್ದ ಒಂದು ಗಂಟೆ ನಾನು ಚಿಗರಿಯೊಡನೆ ಹೊರಗೆ ಬೇಲಿಯ ಪಕ್ಕ ಕುಳಿತಿದ್ದೆ. ಅಲ್ಲಿಗೆ ಬಂದಿದ್ದ ನಿವೃತ್ತ ಸೈನಿಕರೊಬ್ಬರು ದೂರದಿಂದಲೇ ಇವಳ ತಳಿ ಗುರುತಿಸಿ, 2016ರಲ್ಲಿ ಸೇನೆ ಮುಧೋಳ ನಾಯಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಆರಂಭಿಸಿದ ಸುದ್ದಿಯನ್ನು ನೆನಪಿಸಿಕೊಂಡರು. ಅವರೊಡನೆ ನಡೆದ ಮಾತು ನನಗೆ ವಸ್ತುಸಂಗ್ರಹಾಲಯದಷ್ಟೇ ಬೆಲೆಯುಳ್ಳದ್ದಾಗಿತ್ತು.

ಪೇಟೆಯೊಳಗೆ ಆಟೋದಲ್ಲಿ ಓಡಾಡಿದೆವು. ಆಟೋದ ಎರಡೂ ಬದಿ ತೆರೆದಿರುವುದರಿಂದ, ಓಡುವ ಬೆಕ್ಕನ್ನೋ ಕೋಳಿಯನ್ನೋ ಕಂಡರೆ ಈ ತಳಿಯ ನಾಯಿ ಹಾರುವುದಕ್ಕೆ ಕ್ಷಣ ಸಾಕು. ಕಣ್ಣಿನಿಂದ ಬೇಟೆಯಾಡುವ ನಾಯಿ ಇದು, ಮೂಗು ಆಮೇಲೆ. ಕುತ್ತಿಗೆಯ ಪಟ್ಟಿಗೆ ಬದಲು ಎದೆಗೆ ಹಾಕುವ ಹಾರ್ನೆಸ್ ತೊಡಿಸಿ, ಅದರ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿ, ಅವಳನ್ನು ನೆಲದಲ್ಲಿ ಕಾಲುಗಳ ನಡುವೆ ಕೂರಿಸಿಕೊಂಡೆ. ಮಡಿಕೇರಿಯ ಅಂಗಡಿ ಸಾಲುಗಳಲ್ಲಿ ಮನೆಯಲ್ಲಿ ತಯಾರಿಸಿದ ಚಾಕೊಲೇಟಿನ ಪೊಟ್ಟಣಗಳು ಕಣ್ಣಿಗೆ ಬೀಳದೆ ಇರುವುದಿಲ್ಲ, ನಾವೂ ಕೊಂಡೆವು. ಚಾಕೊಲೇಟು ನಾಯಿಗೆ ವಿಷ, ಬಣ್ಣ ಗಾಢವಾದಷ್ಟೂ ವಿಷ ಹೆಚ್ಚು. ಕೊಂಡದ್ದನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಚೀಲದ ಅಡಿಗೆ ಇಟ್ಟೆವು.

ಸಂಜೆಗೆ ಚೆಟ್ಟಳ್ಳಿ ಮಾರ್ಗವಾಗಿ ಸಿದ್ದಾಪುರದ ಕಡೆಯ ತೋಟವೊಂದಕ್ಕೆ ಬಂದೆವು. ಇಲ್ಲಿ ಮನೆಯವರು ಬಾಗಿಲಲ್ಲಿ ನಿಂತು ಮೊದಲು ಕರೆದದ್ದು ನಾಯಿಯನ್ನು.

ನಾಲ್ಕನೆಯ ದಿನ: ತೋಟದ ಜೀಪು

ಸಿದ್ದಾಪುರದ ಸುತ್ತ ಹೆಚ್ಚಾಗಿ ರೊಬಸ್ಟಾ ಕಾಫಿ. ಜನವರಿಯಲ್ಲಿ ಕೊಯ್ಲು ಜೋರಾಗಿರುತ್ತದೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯ ಕೆಳಗೆ ಕೆಂಪು ಹಣ್ಣು ತುಂಬಿದ ಗಿಡಗಳು, ಮನೆಯ ಮುಂದಿನ ಕಣದಲ್ಲಿ ಒಣಗಲು ಹರಡಿದ ಹಣ್ಣು. ಚಿಗರಿ ಕಣದ ಅಂಚಿಗೆ ಹೋಗಿ ಮೂತಿ ಇಟ್ಟ ಕೂಡಲೇ ಮನೆಯ ಯಜಮಾನರು ಕೂಗಿದರು. ಕಾಫಿ ಹಣ್ಣಿನ ಸಿಪ್ಪೆ ಸಿಹಿ. ರುಚಿಗೆ ತಿಂದರೆ ಕೆಫೀನ್ ಹೊಟ್ಟೆ ಸೇರಿ ನಾಯಿಗೆ ವಾಂತಿ, ಚಡಪಡಿಕೆ, ಎದೆಬಡಿತ ಏರುವುದು, ಹೆಚ್ಚಾದರೆ ಸೆಳವು. ತಮ್ಮ ನಾಯಿಗಳಿಗೆ ಮರಿಯಾಗಿದ್ದಾಗಲೇ ಕಣದ ಗೆರೆ ದಾಟಬಾರದೆಂದು ಕಲಿಸುತ್ತೇವೆ ಎಂದು ಅವರು ಹೇಳಿದರು. ಹೊರಗಿನಿಂದ ಬಂದ ನಾಯಿಗೆ ಆ ಪಾಠವಿಲ್ಲ, ಆದ್ದರಿಂದ ಹಗ್ಗ ಬಿಡುವಂತಿಲ್ಲ.

ಹಗ್ಗ ಬಿಡದಿರಲು ಇನ್ನೂ ದೊಡ್ಡ ಕಾರಣಗಳನ್ನು ಜೀಪು ಹತ್ತಿದ ಮೇಲೆ ತಿಳಿದೆವು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಜೀಪನ್ನು ನಿಧಾನವಾಗಿ ಓಡಿಸುತ್ತ, ಕಾಡಿಗೆ ತಾಗಿದ ಬೇಲಿಯ ಉದ್ದಕ್ಕೂ ಕಾಡುಹಂದಿಗೆಂದು ಕೆಲವರು ಒಡ್ಡುವ ತಂತಿಯ ಉರುಳುಗಳ ಬಗ್ಗೆ ಹೇಳಿದರು. ಹಂದಿಗಿಟ್ಟ ಉರುಳಿಗೆ ನಾಯಿಯೂ ಬೀಳುತ್ತದೆ, ಚಿರತೆಯೂ ಬೀಳುತ್ತದೆ. ಆಮೇಲೆ ಆನೆ. ಈ ಭಾಗದ ತೋಟಗಳಿಗೆ ಆನೆಗಳು ಹಲಸಿಗೂ ನೀರಿಗೂ ಬರುವುದು ಸಾಮಾನ್ಯ, ಎಲ್ಲಿವೆ ಎಂಬ ಸುದ್ದಿ ಬೆಳಗಾದರೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಆನೆಯನ್ನು ಕಂಡ ನಾಯಿ ಮೊದಲು ಬೊಗಳುತ್ತ ಮುಂದೆ ಹೋಗುತ್ತದೆ, ಆನೆ ತಿರುಗಿದ ಕೂಡಲೇ ನೇರವಾಗಿ ಯಜಮಾನನ ಬಳಿಗೆ ಓಡಿ ಬರುತ್ತದೆ, ಹಿಂದೆಯೇ ಆನೆಯೂ ಬರುತ್ತದೆ. ‘ನಾಯಿ ನಿಮ್ಮನ್ನು ಕಾಯುವುದಕ್ಕೆ ಬರುವುದಿಲ್ಲ ಸಾರ್, ನೀವು ಕಾಯುತ್ತೀರಿ ಅಂತ ಬರುತ್ತದೆ’ ಎಂದು ಅವರು ಹೇಳಿದಾಗ ನನ್ನ ಹೆಂಡತಿ ಚಿಗರಿಯ ಹಗ್ಗವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಜೀಪಿನ ಪ್ರಯಾಣವನ್ನು ಅವಳು ಎಲ್ಲ ವಾಹನಗಳಿಗಿಂತ ಹೆಚ್ಚು ಇಷ್ಟಪಟ್ಟಳು. ಹಿಂಬದಿಯ ತೆರೆದ ಜಾಗದಲ್ಲಿ ಗೋಣಿಚೀಲ ಹಾಸಿ, ಹಾರ್ನೆಸ್ಸನ್ನು ಎರಡು ಕಡೆ ಗಿಡ್ಡವಾಗಿ ಕಟ್ಟಿದ್ದೆವು. ಒಂದೇ ಹಗ್ಗದಲ್ಲಿ ಉದ್ದಕ್ಕೆ ಕಟ್ಟಿದರೆ ಹೊರಗೆ ಜಿಗಿದ ನಾಯಿ ನೇತಾಡುವ ಅಪಾಯವಿದೆ. ನಾಲ್ಕು ಕಾಲನ್ನೂ ಅಗಲವಾಗಿ ಊರಿ, ಕಿವಿ ಹಿಂದಕ್ಕೆ ಒರಗಿಸಿ, ಗುಂಡಿ ಬಂದಾಗಲೆಲ್ಲ ಮೈಯನ್ನು ತಗ್ಗಿಸಿ ನಿಂತು ಅವಳು ಆ ಇಳಿಜಾರನ್ನು ಇಳಿದದ್ದನ್ನು ನಾನು ಮರೆಯಲಾರೆ. ಕೊಯ್ಲಿನವರು ಬುಟ್ಟಿ ಕೆಳಗಿಟ್ಟು ನೋಡಿದರು.

ಮಂದಲಪಟ್ಟಿಗೆ ಬಾಡಿಗೆ ಜೀಪಿನಲ್ಲಿ ಹೋಗುವ ಆಸೆ ನಮಗೂ ಇತ್ತು, ಬಿಟ್ಟೆವು. ಅದು ಕಾಡಿನ ದಾರಿ. ನಾಗರಹೊಳೆಗೂ ಇದೇ ಕಾರಣಕ್ಕೆ ಹೋಗಲಿಲ್ಲ. ರಕ್ಷಿತಾರಣ್ಯಗಳಿಗೆ ಸಾಕುನಾಯಿ ಒಯ್ಯಬಾರದೆಂಬುದರ ಹಿಂದೆ ನಮ್ಮ ನಾಯಿಯ ಕ್ಷೇಮ ಮಾತ್ರ ಇಲ್ಲ. ಡಿಸ್ಟೆಂಪರ್, ರೇಬೀಸ್‌ನಂತಹ ರೋಗಗಳು ಊರುನಾಯಿಗಳಿಂದ ಸೀಳುನಾಯಿಗಳಿಗೆ ದಾಟಿದರೆ ಇಡೀ ಹಿಂಡು ಅಳಿಯಬಹುದು. ಲಸಿಕೆಯಾಗಿದೆ ಎಂಬ ಪುಸ್ತಕ ಕೈಯಲ್ಲಿದ್ದರೂ ಆ ಗೆರೆಯನ್ನು ದಾಟಲು ನನಗೆ ಇಷ್ಟವಿರಲಿಲ್ಲ.

ರಾತ್ರಿ ಮನೆಯವರು ಕಡಂಬುಟ್ಟು, ಹಂದಿಮಾಂಸದ ಪಂದಿಕರಿ ಬಡಿಸಿದರು. ಕಾಚಂಪುಳಿಯ ಹುಳಿ, ಹುರಿದ ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಇರುವ ಆ ಸಾರು ನಾಯಿಗೆ ಆಗದು; ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು. ಅಕ್ಕಿತರಿಯ ಕಡಂಬುಟ್ಟು ಒಂದನ್ನು ಮಾತ್ರ ಪುಡಿಮಾಡಿ ಅವಳ ರೊಟ್ಟಿಗೆ ಸೇರಿಸಿದೆವು. ತಟ್ಟೆ ನೆಕ್ಕಿ ಇನ್ನೊಂದು ಕೇಳಿದಳು.

ಐದನೆಯ ದಿನ: ತೆಪ್ಪ, ದೇವರಕಾಡು

ತೆಪ್ಪದ ಪ್ರಯಾಣ ಚಿಕ್ಕದು, ಹೇಳಬೇಕಾದದ್ದೂ ಕಡಿಮೆ. ತೋಟದ ಕೆಳಗೆ ಕಾವೇರಿ ಹರಿಯುತ್ತದೆ. ಜನವರಿಯ ನೀರು ಶಾಂತವಾಗಿತ್ತು. ಅಂಬಿಗರು ಸುತ್ತಿಸದೆ ನೇರವಾಗಿ ಒಯ್ಯುತ್ತೇನೆಂದು ಒಪ್ಪಿದರು, ನಾವೆಲ್ಲ ಜೀವರಕ್ಷಕ ಅಂಗಿ ತೊಟ್ಟೆವು, ಚಿಗರಿಗೂ ನಾಯಿಗಳಿಗೆಂದೇ ಬರುವ ಅಂಗಿ ತಂದಿದ್ದೆವು. ದಡ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ, ಕಾಲ ಕೆಳಗಿನ ನೆಲ ಅಲುಗುವುದನ್ನು ತಾಳದೆ ಅವಳು ಉಗುರೂರಿ ಕುಂಯ್‌ಗುಟ್ಟತೊಡಗಿದಳು. ನಾನು ಹಿಂದಿರುಗಲು ಹೇಳಿದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದು ಅಂಬಿಗರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ದುಂಡನೆಯ ತೆಪ್ಪದಲ್ಲಿ ಹೆದರಿದ ನಾಯಿ ಒಂದು ಬದಿಗೆ ಹಾರಿದರೆ ಎಲ್ಲರೂ ನೀರಿಗೆ ಬೀಳುತ್ತಾರೆ, ಮತ್ತು ಕಾವೇರಿಯಲ್ಲಿ ಮೊಸಳೆಗಳಿವೆ. ದುಬಾರೆಯ ಆನೆ ಶಿಬಿರದ ಕಡೆಗಂತೂ ನಾಯಿಯೊಡನೆ ಹೋಗುವ ಮಾತೇ ಇರಲಿಲ್ಲ.

ಮಧ್ಯಾಹ್ನ ಮನೆಯ ಯಜಮಾನರ ಕಾರಿನಲ್ಲಿ ವಿರಾಜಪೇಟೆಯ ಕಡೆಗೆ ಹೋದೆವು. ಅವರು ತೋರಿಸಬೇಕೆಂದಿದ್ದದ್ದು ಒಂದು ದೇವರಕಾಡು. ಕೊಡಗಿನಲ್ಲಿ ಇಂತಹ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಹಲವು ಬೇಟೆಯ ದೇವರಾದ ಅಯ್ಯಪ್ಪನಿಗೆ ಸೇರಿದವು, ಅಯ್ಯಪ್ಪನಿಗೆ ಇಲ್ಲಿಯ ಜನ ಹರಕೆಯಾಗಿ ಒಪ್ಪಿಸುವುದು ಮಣ್ಣಿನ ನಾಯಿಗಳನ್ನು. ನಾವು ಕಾಡಿನೊಳಗೆ ಕಾಲಿಡಲಿಲ್ಲ. ಅಂಚಿನ ದಾರಿಯಲ್ಲಿ ನಿಂತು ನೋಡಿದಾಗ ಮರವೊಂದರ ಬುಡದಲ್ಲಿ ಒಂದರ ಪಕ್ಕ ಒಂದು ಸುಟ್ಟ ಮಣ್ಣಿನ ನಾಯಿಗಳು, ಕೆಲವಕ್ಕೆ ಕಿವಿ ಮುರಿದಿತ್ತು, ಕೆ‌ಲವಕ್ಕೆ ಪಾಚಿ ಹಿಡಿದಿತ್ತು, ಎಲ್ಲವೂ ಮುಖ ಮೇಲೆತ್ತಿ ಕುಳಿತಿದ್ದವು. ಕಾಣೆಯಾದ ನಾಯಿ ಸಿಗಲಿ, ಕಾಯಿಲೆಯ ನಾಯಿ ಬದುಕಲಿ ಎಂದು ತನ್ನ ಅಜ್ಜಿ ಹರಸಿಕೊಳ್ಳುತ್ತಿದ್ದದ್ದನ್ನು ಯಜಮಾನರು ನೆನಪಿಸಿಕೊಂಡರು. ಕೊಡವ ಭಾಷೆಯಲ್ಲಿ ಬೇಟೆಗೆ ಬೋಟೆ ಎನ್ನುತ್ತಾರೆ. ಬೋಟೆ ನಿಂತು ಎಷ್ಟೋ ಕಾಲವಾದರೂ ನಾಯಿಯ ಹರಕೆ ನಿಂತಿಲ್ಲ ಎಂದರು. ಕಾರು ನಿಂತಲ್ಲಿಂದಲೇ ನಾಯಿಯ ಹೆಸರಿನಲ್ಲಿ ನಾವೂ ಕೈಮುಗಿದೆವು.

ಸಂಜೆ ಮೈ ತಡವುವಾಗ ಚಿಗರಿಯ ಕಿವಿಯ ಹಿಂದೆ ಒಂದು ಉಣ್ಣೆಹುಳು ಸಿಕ್ಕಿತು. ಚರ್ಮಕ್ಕೆ ಒತ್ತಿ ಚಿಮಟದಿಂದ ತಲೆಯ ಬಳಿ ಹಿಡಿದು ತಿರುಚದೆ ನೇರವಾಗಿ ಎಳೆದೆ. ಹಿಸುಕಿದರೆ, ಸೀಮೆಎಣ್ಣೆ ಸುರಿದರೆ ಅದು ರಕ್ತದೊಳಕ್ಕೆ ರೋಗ ಬಿಡುವ ಸಾಧ್ಯತೆ ಹೆಚ್ಚುತ್ತದೆ. ಔಷಧಿ ಹಾಕಿಸಿದ್ದರೂ ದಿನವೂ ಸಂಜೆ ಕಿವಿ, ಕಂಕುಳು, ಬೆರಳ ಸಂದಿ ನೋಡುವುದನ್ನು ಬಿಡಬಾರದು. ತಾರೀಖನ್ನು ಲಸಿಕೆ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟೆ. ಮುಂದಿನ ಮೂರು ವಾರ ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು ಕಂಡರೆ ವೈದ್ಯರಿಗೆ ತೋರಿಸಲು.

ಆರನೆಯ ದಿನ: ತಿತಿಮತಿಯ ದಾರಿಯಲ್ಲಿ ಹಿಂದಕ್ಕೆ

ಹಿಂದಿರುಗುವಾಗ ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು ಮಾರ್ಗವಾಗಿ ಹುಣಸೂರಿಗೆ ಬಂದೆವು. ಕಾರು ಗೊತ್ತುಮಾಡಿದ್ದು ಹಗಲು ಹೊತ್ತಿಗೇ. ತಿತಿಮತಿಯಿಂದಾಚೆ ಕಾಡು ಶುರುವಾಗುವ ಮೊದಲೇ ಚಿಗರಿಯನ್ನು ಇಳಿಸಿ ನಡೆಸಿ, ನೀರು ಕುಡಿಸಿ, ಮತ್ತೆ ಹತ್ತಿಸಿದ ಮೇಲೆ ಕಾಡು ಮುಗಿಯುವವರೆಗೂ ಗಾಜು ಏರಿಸಿಯೇ ಇಟ್ಟೆವು. ಈ ಬಾರಿ ಅವಳ ಹೊಟ್ಟೆ ಖಾಲಿಯಿತ್ತು, ವಾಂತಿಯಾಗಲಿಲ್ಲ. ರಸ್ತೆಯಂಚಿನಲ್ಲಿ ಜಿಂಕೆಗಳ ಹಿಂಡೊಂದು ಮೇಯುತ್ತಿತ್ತು. ಅವಳ ಮೈಯ ಪ್ರತಿಯೊಂದು ಸ್ನಾಯುವೂ ಬಿಗಿಯಿತು, ಬಾಯಿಂದ ಒಂದೇ ಒಂದು ಸ್ವರ ಬರಲಿಲ್ಲ. ಹಿಂಡು ಕಣ್ಮರೆಯಾಗುವವರೆಗೆ ತಲೆಯನ್ನಷ್ಟೇ ತಿರುಗಿಸುತ್ತ ಹೋದಳು. ನನ್ನ ಅಂಗೈ ಅವಳ ಎದೆಯ ಮೇಲಿತ್ತು.

ಮೈಸೂರಿನಲ್ಲಿ ಹೊಸದಾಗಿ ಪ್ರಮಾಣಪತ್ರ ಬೇಕಾಯಿತು, ಏಕೆಂದರೆ ಹುಬ್ಬಳ್ಳಿಯಲ್ಲಿ ಪಡೆದದ್ದಕ್ಕೆ ಆಗಲೇ ವಾರವಾಗುತ್ತ ಬಂದಿತ್ತು. ಇದನ್ನು ಮೊದಲೇ ಊಹಿಸಿ ಪಶುವೈದ್ಯರೊಬ್ಬರ ಸಮಯ ಕೇಳಿಟ್ಟಿದ್ದೆವು. ಅವರು ಜ್ವರ ನೋಡಿ, ಉಣ್ಣೆ ಕಚ್ಚಿದ ಜಾಗ ಪರೀಕ್ಷಿಸಿ, ಸಹಿ ಹಾಕಿ ಕೊಟ್ಟರು. ಕೂಪೆಯ ಅರ್ಜಿ ಹಿಂದಿರುಗುವ ಟಿಕೆಟ್ಟಿಗೂ ಕೊಟ್ಟಿದ್ದೆವು, ಚಾರ್ಟಿನಲ್ಲಿ ಅದೂ ಸಿಕ್ಕಿತ್ತು. ಪಾರ್ಸೆಲ್ ಕಚೇರಿಯ ತಕ್ಕಡಿಯ ಪಕ್ಕ ನಿಂತಿದ್ದ ಚಿಗರಿ ಯಾರೂ ಹೇಳದೆಯೇ ಅದರ ಮೇಲೆ ಹತ್ತಿ ಕುಳಿತಳು. ಮುಳ್ಳು 21ರ ಬಳಿ ನಿಂತಿತು. ಒಂದು ಕಿಲೋ ಇಳಿದಿದ್ದಾಳಲ್ಲ ಎಂದು ನನ್ನ ಹೆಂಡತಿ ಚಿಂತೆಯಿಂದ ಚೀಲ ಬಿಚ್ಚಿ ಉಳಿದಿದ್ದ ಎರಡು ಕಟಕ ರೊಟ್ಟಿ ಹೊರತೆಗೆದಳು. ಗಂಟೆ ಐದಾಗಿತ್ತು, ರಾತ್ರಿಯ ರೈಲು ಮುಂದಿತ್ತು. ನಾನು ಅರ್ಧ ರೊಟ್ಟಿ ಮುರಿದು ಕೊಟ್ಟು, ಉಳಿದದ್ದನ್ನು ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಎಂದು ಮಡಿಸಿಟ್ಟೆ.